ಹೊಟ್ಟೆಯಿಲ್ಲದ ಹೊದಿಕೆ

ಹೊರಗೆ ಗೋಕಾಕದ ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ನಮ್ಮವ್ವ ಥಂಡಿ ಥಂಡಿ ಎಂದು ನಡುಗುತ್ತಿದ್ದಳು. ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ, ಒಂದು ಕೈಯಿಂದ ನನ್ನ ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಕೈಯಿಂದ ಅವಳ ಪಾದ ತಿಕ್ಕುತ್ತಿದ್ದೆ. ಎಷ್ಟು ತಿಕ್ಕಿದರೂ ಪಾದ ಬಾವಿಯೊಳಗಿನ ಕಲ್ಲಿನಂತೆ ತಣ್ಣಗೆ.

“ಕೌದಿ ಹೊಚ್ಚಲೇನವಾ?”

“ಬ್ಯಾಡ. ಮೈಮ್ಯಾಲ ಯಾರೋ ಕುಂತಂಗ ಆಗತೈತಿ.”

ಕೌದಿ ಭಾರ ಎಂದವಳು ನಮ್ಮವ್ವ! ಮೂಡಲಗಿ ತಾಲ್ಲೂಕಿನ ಕುಲಗೋಡದಲ್ಲಿ ಯಾರ ಮನೆಯ ಹಾಸಿಗೆ ಬಿಚ್ಚಿದರೂ ಅವಳ ಕೈಯ ಕೌದಿ ಒಂದಾದರೂ ಸಿಗುತ್ತದೆ. ಹಳೆಯ ಸೀರೆ, ಧೋತರ, ಹರಿದ ಅಂಗಿ, ಯಾರು ಏನು ತಂದು ಕೊಟ್ಟರೂ ಪದರ ಪದರವಾಗಿ ಹಾಸಿ, ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಿದ್ದಳು. ಆ ಕೈಯೇ ನನ್ನನ್ನು ಓದಿಸಿತು. ನಮ್ಮ ಮನೆತನದಲ್ಲಿ ಗಂಡಸರನ್ನೂ ಸೇರಿಸಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಗೋಕಾಕದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಪಾಠ ಬಾಯಿಪಾಠ ಮಾಡಿದವಳು ನಾನು. ಈಗ ಅದೇ ಊರಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತೇನೆ.

ಅವ್ವನ ಹೊಟ್ಟೆಯಲ್ಲಿ ಹುಟ್ಟಿದ ಗಂಟು ಎಲುಬಿಗೆ ಹಬ್ಬಿತ್ತು. ಊರೂರು ತಿರುಗಿ ಆದಮೇಲೆ ಕೊನೆಗೆ ನೋಡಿದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, “ಇನ್ನ ತಿರುಗಾಡಸಬ್ಯಾಡ್ರಿ. ಮನಿಯಾಗ ಆರಾಮ ಇಡ್ರಿ. ಏನ ತಿಂತಾರ ಅದನ್ನ ಕೊಡ್ರಿ,” ಎಂದರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದವಳಂತೆ ಅವ್ವನನ್ನು ಗೋಕಾಕದ ನನ್ನ ಮನೆಗೆ ತಂದು ಮಲಗಿಸಿದೆ. ಅವಳು ಕುಲಗೋಡದಿಂದ ತಂದದ್ದು ಎರಡು ಸೀರೆ ಮತ್ತು ಕೌದಿಯ ಸೂಜಿ. ಬಿಳಿ ದಾರ ಪೋಣಿಸಿದ ಆ ಸೂಜಿಯನ್ನು ದಿಂಬಿನ ಮೂಲೆಗೆ ಚುಚ್ಚಿಟ್ಟುಕೊಂಡಳು.

ನಾನು ಒಂದು ಲೆಕ್ಕ ಹಾಕಿದೆ. ನಡುಗುವ ಮೈ ತನ್ನ ಕಾವನ್ನೆಲ್ಲ ನಡುಗುವುದಕ್ಕೇ ಖರ್ಚು ಮಾಡುತ್ತದೆ. ಅದಕ್ಕೇ ಇವಳಿಗೆ ತಿನ್ನಲು ಶಕ್ತಿ ಉಳಿಯುತ್ತಿಲ್ಲ. ಬೆಚ್ಚಗಾದರೆ ತಿನ್ನುತ್ತಾಳೆ. ತಿಂದರೆ ಉಳಿಯುತ್ತಾಳೆ. ಪಾಠ ಮಾಡುವಾಗ ಹುಡುಗರು ಇಂಥ ತರ್ಕ ಒಪ್ಪಿಸಿದ್ದರೆ ಎಲ್ಲಿ ತಪ್ಪಿದೆ ಎಂದು ತೋರಿಸುತ್ತಿದ್ದೆ. ನನ್ನದನ್ನು ತಿದ್ದುವವರು ಯಾರೂ ಇರಲಿಲ್ಲ. ಆಗಲೇ ಅವ್ವ ಬಟ್ಟಲು ಗಂಜಿಯಿಂದ ಚಮಚ ಗಂಜಿಗೆ ಇಳಿದಿದ್ದಳು.

ಕಂಬಳಿ ಹೊಚ್ಚಿದರೆ ಚುಚ್ಚುತ್ತದೆ ಅಂದಳು. ಪೇಟೆಯಿಂದ ನುಣ್ಣನೆಯ ಬ್ಲ್ಯಾಂಕೆಟ್ ತಂದೆ. ಅದು ಸೀರೆಗೆ ಅಂಟಿಕೊಂಡು ಚಟಚಟ ಅನ್ನುತ್ತಿತ್ತು. “ಇದರಾಗ ಏನೋ ಸುಡಾಕತ್ತೇತಿ, ತಗೀ ತಗೀ,” ಎಂದು ಕಾಲಿನಿಂದ ನೂಕಿದಳು. ಶಾಲು ಹೊಚ್ಚಿದರೆ ಪಾದ ಹೊರಗೆ, ಪಾದ ಮುಚ್ಚಿದರೆ ಹೆಗಲು ಹೊರಗೆ.

ನಮ್ಮ ಬಾಜೂ ಮನೆಯಲ್ಲಿ ಒಬ್ಬರು ಮುಸಲ್ಮಾನ ಹೆಂಗಸಿದ್ದಾರೆ, ಓಣಿಯವರೆಲ್ಲ ಅಕ್ಕ ಅನ್ನುವಂತೆ ಆಪಾ ಅನ್ನುತ್ತೇವೆ. ಅವರ ಬಾಗಿಲಿಗೆ ಕೊಕ್ಕೆಸೂಜಿಯಿಂದ ಹೆಣೆದ ಕ್ರೋಶಾದ ತೋರಣ, ಟಿ.ವಿ. ಮೇಲೆ ಕ್ರೋಶಾದ ಮುಸುಕು, ಮೊಮ್ಮಕ್ಕಳ ತಲೆಗೆ ಕ್ರೋಶಾದ ಟೊಪ್ಪಿಗೆ. ಅವ್ವನನ್ನು ನೋಡಲು ಬಂದ ಒಂದು ಮಧ್ಯಾಹ್ನ ಅವರ ಹೆಗಲ ಮೇಲೆ, ಹುಟ್ಟಲಿರುವ ಮೊಮ್ಮಗುವಿಗೆಂದು ಹೆಣೆದ ಉಲನ್ನಿನ ಸಣ್ಣ ಶಾಲಿತ್ತು. ಅವ್ವನ ಕೈ ತಾನಾಗಿ ಅದರ ಮೇಲೆ ಹೋಯಿತು. ಅಂಚು ಹಿಡಿದು ತೂಗಿ ನೋಡಿದಳು.

“ಹತ್ತೀ ಇದ್ದಂಗ ಐತ್ರೆವ್ವಾ, ತೂಕನ ಇಲ್ಲ.”

ನನ್ನೊಳಗೆ ದೀಪ ಹತ್ತಿದಂತಾಯಿತು. ಬೆಚ್ಚಗಿಡುವುದು ಬಟ್ಟೆಯ ತೂಕ ಅಲ್ಲ, ಅದು ಹಿಡಿದಿಟ್ಟ ಗಾಳಿ. ತೂತುಗಳಲ್ಲಿ ಗಾಳಿ ನಿಲ್ಲುತ್ತದೆ, ಮೇಲೊಂದು ತೆಳ್ಳನೆಯ ಧೋತರ ಹೊಚ್ಚಿದರೆ ಹೊರಗೆ ಹೋಗುವುದಿಲ್ಲ.

“ಆಪಾ, ನನಗ ಕಲಸ್ರಿ. ದೊಡ್ಡದ ಬೇಕ. ಹೆಗಲಿಂದ ಪಾದದ ತನಕ.”

“ಸೂಜೀನ ಹಿಡದಿಲ್ಲ ನೀವು, ಒಮ್ಮೆಲೆ ಚಾದರ ಅಂತೀರಲ್ರಿ ಬಾಯಾರ? ಮೊದಲ ಒಂದ ರುಮಾಲ ಮಾಡ್ರಿ.”

“ರುಮಾಲಿಗೆ ಟೈಮ್ ಇಲ್ರಿ.”

ಆಪಾ ಅವ್ವನ ಕಡೆ ನೋಡಿದರು, ಮತ್ತೆ ನನ್ನ ಕಡೆ. ಸಂಜೆಗೆ ಕೊಕ್ಕೆಯ ಸೂಜಿ ತಂದು ಕೊಟ್ಟು ಅಲೆಯ ನಮೂನೆ ಹಚ್ಚಿಕೊಟ್ಟರು. ಅದು ನೋಡಲು ಕಠಿಣ, ಮಾಡಲು ಅಷ್ಟಿಲ್ಲ. ಏರು ಬಂದಲ್ಲಿ ಒಂದೇ ತೂತಿನಲ್ಲಿ ಹೆಚ್ಚಿಗೆ ಹೆಣಿಗೆ ತುಂಬಬೇಕು, ಇಳಿವು ಬಂದಲ್ಲಿ ತೂತು ಬಿಟ್ಟು ಜಿಗಿಯಬೇಕು. ತುಂಬುವುದೂ ಬಿಡುವುದೂ ಸಮ ಇದ್ದರೆ ಅಲೆ ತಾನಾಗಿ ಏಳುತ್ತದೆ. ಒಂದು ಸಾಲಿಗೆ ಒಂದು ಬಣ್ಣ. ಬಣ್ಣ ಆರಿಸುವ ಕೆಲಸ ಅವ್ವನಿಗೆ ಕೊಟ್ಟೆ. ಬದನೆ ಬಣ್ಣ, ಗಿಳಿಹಸಿರು, ಅರಿಷಿಣ, ಕುಸುಬಿ ಹೂವಿನ ಕೆಂಪು, ಆಮೇಲೆ ಆಕಾಶದ ನೀಲಿ. ಇದೇ ಸರತಿ, ತಪ್ಪಬಾರದು ಎಂದಳು.

ಮೇ ತಿಂಗಳು, ಸಾಲೆಗೆ ಸೂಟಿ. ಮುಂಜಾನೆ ಅವ್ವನ ಮೈ ಒರೆಸಿ, ಒಂದೆರಡು ಚಮಚ ಗಂಜಿಗೆ ಗೋಗರೆದು, ಅವಳ ಮಂಚದ ಬದಿಗೆ ಕೂತರೆ ಸಂಜೆಯತನಕ ಸೂಜಿ ನಿಲ್ಲುತ್ತಿರಲಿಲ್ಲ. ಬೆರಳಿಗೆ ಬೊಬ್ಬೆ ಬಂತು. ಅಂಟುಪಟ್ಟಿ ಸುತ್ತಿಕೊಂಡು ಹೆಣೆದೆ. ಬೆವರಿಗೆ ಉಲನ್ನು ಒದ್ದೆಯಾಗಬಾರದೆಂದು ತೊಡೆಯ ಮೇಲೆ ಪಂಚೆ ಹಾಸಿಕೊಳ್ಳುತ್ತಿದ್ದೆ. ಅವ್ವ ಮಗ್ಗುಲಾಗಿ ಮಲಗಿ ನೋಡುತ್ತಿದ್ದಳು.

“ಕಬ್ಬಿಗೆ ಬೋದ ಹೊಡದಂಗ ಕಾಣತೈತಿ,” ಎಂದಳು ಒಂದು ದಿನ. ನಿಜ, ಏರು ಇಳಿವು, ಏರು ಇಳಿವು, ನೀರು ಬಿಡುವ ಮೊದಲಿನ ಕಬ್ಬಿನ ಹೊಲದ ಹಾಗೇ ಇತ್ತು. ಆಮೇಲೆ ಅಂಚು ಎತ್ತಿ ಬೆಳಕಿಗೆ ಹಿಡಿದಳು. “ಎಲ್ಲಾ ತೂತ. ಇದರ ಹೊಟ್ಟಿ ಎಲ್ಲೈತಿ?”

ಕೌದಿಯಲ್ಲಾದರೆ ನಡುವೆ ಅಂಗೈಯಷ್ಟು ಜಾಗ ಕೊನೆಯತನಕ ಬಾಯಿ ತೆರೆದುಕೊಂಡಿರುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಹೋಳಿಗೆಯದೋ ರೊಟ್ಟಿಬೆಲ್ಲದ್ದೋ ಒಂದು ತುಣುಕು ಇಟ್ಟೇ ಅವ್ವ ಕಡೆಯ ಹೊಲಿಗೆ ಹಾಕುತ್ತಿದ್ದಳು. ಹಸಿದ ಕೌದಿ ಹೊಚ್ಚಿಕೊಂಡವರಿಗೆ ನಿದ್ದೆ ಹತ್ತುವುದಿಲ್ಲ ಎಂಬುದು ಅವಳ ಮಾತು. ಸಣ್ಣವಳಿದ್ದಾಗ ಆ ತುಣುಕಿನ ಮೇಲೆ ನನ್ನ ಕಣ್ಣಿರುತ್ತಿತ್ತು. ನನಗಿಲ್ಲದ ಹೋಳಿಗೆ ಕೌದಿಗೆ ಯಾಕೆ ಎಂದು ಜಗಳ ತೆಗೆಯುತ್ತಿದ್ದೆ.

“ಇದಕ ಹೊಟ್ಟಿ ಇಲ್ಲವಾ. ಕ್ರೋಶಾಕ ಹೊಟ್ಟಿ ಇರೂದಿಲ್ಲ.”

“ಹೊಟ್ಟಿ ಇಲ್ಲದ್ದು ಯಾವುದೈತಿ ಲೋಕದಾಗ?” ಎಂದು ಗೋಡೆಯ ಕಡೆ ತಿರುಗಿದಳು.

ಅವ್ವ ನನಗೆ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು, ದಿನಕ್ಕೆ ಹತ್ತು ಸಲ. “ಅಂಚ ಬಿಗಿ ಹಿಡಿ. ಅಂಚ ಸಡಲ ಆದ್ರ ನಡುವಿಗೆ ಏನ ಉಳೀತು?” ಕೌದಿಗೆ ಅದು ಮಂತ್ರ. ಅಂಚಿನ ಹೊಲಿಗೆ ಎಳೆದು ಎಳೆದು ಹಾಕದಿದ್ದರೆ ಒಳಗಿನ ಪದರ ಸರಿದು ಗಂಟಾಗುತ್ತದೆ. ನನ್ನ ಕೈಗೂ ಅದು ಚಿಕ್ಕಂದಿನಿಂದ ರೂಢಿ. ಹಾಗಾಗಿ ಪ್ರತಿ ಸಾಲಿನ ತುದಿಗೆ ಬಂದಾಗ ಅವ್ವ ಗದರಿದಂತೆ ದಾರವನ್ನು ಜಗ್ಗಿ ಎಳೆದು ತಿರುಗುತ್ತಿದ್ದೆ. ಎಳೆದಾಗ ಅವ್ವನ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ಆ ಸಮಾಧಾನಕ್ಕಾಗಿ ಇನ್ನಷ್ಟು ಎಳೆದೆ. ಆಪಾ ಆಗ ಮಗಳ ಬಾಣಂತನಕ್ಕೆಂದು ಕೊಣ್ಣೂರಿಗೆ ಹೋಗಿದ್ದರು, ನೋಡಿ ಹೇಳುವವರಿರಲಿಲ್ಲ.

ಸೊಂಟದತನಕ ಬರುವಷ್ಟು ಆದಾಗ ಅವ್ವನ ಮೇಲೆ ಹಾಸಿ ನೋಡಿದೆ. ಶುರುವಿನ ಸಾಲು ಈ ಹೆಗಲಿನಿಂದ ಆ ಹೆಗಲು ದಾಟಿ ಮಂಚದ ಎರಡೂ ಕಡೆ ಇಳಿದಿತ್ತು. ಕೊನೆಯ ಸಾಲು ಅವಳ ಸೊಂಟವನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ. ಮೇಲೆ ಅಗಲ, ಕೆಳಗೆ ಸಣ್ಣ. ಅಂಚಿನಲ್ಲಿ ಜಗ್ಗಿದ್ದಕ್ಕೆ ತುದಿಯ ತೂತು ಮುಚ್ಚಿಹೋಗಿ, ಅದನ್ನು ನಾನು ಪ್ರತಿ ಸಾಲಿನಲ್ಲೂ ಕಾಣದೆ ಬಿಟ್ಟಿದ್ದೆ. ಹೀಗೇ ಹೋದರೆ ಪಾದಕ್ಕೆ ಬರುವಷ್ಟರಲ್ಲಿ ಲಂಗದ ಲಾಡಿಯಷ್ಟು ಅಗಲ ಉಳಿಯುತ್ತಿತ್ತು.

ನಾನು ಅದನ್ನು ಮಡಚತೊಡಗಿದೆ. ಅವ್ವ ಕೈ ಹಿಡಿದಳು.

“ಮೊರ ಆಗೇತಲ್ಲ!”

“ಇಲ್ಲವಾ, ಸರಿ ಆಗತೈತಿ.”

“ನನಗ ಹೇಳತೀ? ಜ್ವಾಳ ಹಾಕಿ ಕೇರಬೌದು ಇದರಾಗ.” ಮತ್ತೆ, “ನನ್ನ ಮಾತ ಕೇಳಿ ಕೆಡಿಸಿದಿ ಹೌದಿಲ್ಲ? ಅಷ್ಟ ಸಾಲಿ ಕಲತಾಕಿ, ಅಡಾಣಿ ಮುದಕೀ ಮಾತ ಯಾಕ ಕೇಳಿದಿ?” ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ. ಸೂಟಿಯಲ್ಲಿ ಅರ್ಧ ಕಳೆದುಹೋಗಿತ್ತು. ಅವ್ವ ಆಗ ಚಮಚದಿಂದಲೂ ಇಳಿದಿದ್ದಳು, ಹತ್ತಿಯನ್ನು ಗಂಜಿಯ ತಿಳಿಯಲ್ಲಿ ಅದ್ದಿ ತುಟಿಗೆ ಒತ್ತುತ್ತಿದ್ದೆ. ಅಷ್ಟು ದಿನದ ಕೆಲಸ ಮೊರವಾಗಿ ಕೂತಿತ್ತು. ನಳದ ನೀರು ಬಕೆಟ್ ತುಂಬಿ ಹರಿದು ಹೋಗುತ್ತಿದ್ದರೂ ಬಂದ್ ಮಾಡಲು ಕೈ ಏಳಲಿಲ್ಲ.

ಹೊರಗೆ ಬಂದಾಗ ಅವ್ವ ದಾರದ ತುದಿ ಹುಡುಕಿ ಹಿಡಿದಿದ್ದಳು. ಸೂಜಿ ಕಳಚಿ ಪಕ್ಕಕ್ಕಿಟ್ಟಿದ್ದಳು.

“ಎಳದ್ರ ಬಿಡತೈತೇನ ಇದು?”

“ಹೂಂ. ಒಂದ ಎಳಿ ಜಗ್ಗಿದ್ರ ಎಲ್ಲಾ ಬಿಡತೈತಿ.”

“ಅಯ್ಯ! ಕೌದಿ ಬಿಚ್ಚಬೇಕಂದ್ರ ಬ್ಲೇಡ ಹಾಕಿ ಹರೀಬೇಕ.” ಅವ್ವ ಎಳೆದಳು. ಅಲೆ ಒಂದೊಂದಾಗಿ ಪುಳಪುಳ ಬಿಚ್ಚಿಕೊಂಡು ಬಂತು. ಅವಳ ಕಣ್ಣು ಅರಳಿದವು. “ನೀ ಉಂಡಿ ಸುತ್ತ. ಎಳ್ಯಾಕ ಅಷ್ಟ ಜೀವ ಐತಿ ನನಗ.” ಅವಳು ಎಳೆದಳು, ನಾನು ಸುತ್ತಿದೆ. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಕಂಡ ಆಟದ ಸಂತೋಷ ಅದು. ಅದನ್ನು ನೋಡಿ ನಾನು ಸಂತೋಷಪಡಬೇಕಿತ್ತು. ನನಗೆ ಮಾತ್ರ ಬಿಚ್ಚುವ ಪ್ರತಿ ಸಾಲಿಗೂ ಒಂದು ದಿನ ಹೋಯಿತು, ಇನ್ನೊಂದು ದಿನ ಹೋಯಿತು ಎಂದೇ ಅನಿಸುತ್ತಿತ್ತು.

ಮತ್ತೆ ಹೆಣೆಯಲು ಶುರುಮಾಡಿದೆ, ಈ ಸಲ ಪಳಗಿದ ಕೈಯಿಂದ, ರಾತ್ರಿಯೂ ಕೂತು. ಈಗ ಅವ್ವನ ಮಂತ್ರವೂ ಬದಲಾಯಿತು. “ಸಡಲ ಬಿಡ, ಸಡಲ ಬಿಡ,” ಅನ್ನುತ್ತಿದ್ದಳು. ಅನ್ನುವಾಗ ಅವಳ ಬೆರಳು ಮಾತ್ರ ಹಾಸಿಗೆಯ ಮೇಲೆ ಬಿಗಿಯಾಗಿ ಏನನ್ನೋ ಎಳೆಯುತ್ತಿದ್ದವು.

ಸೊಂಟದ ಹತ್ತಿರ ಬಂದಾಗ ಅರಿಷಿಣ ಬಣ್ಣದ ಉಲನ್ನು ತೀರಿತು. ಗೋಕಾಕದ ಪೇಟೆಯಲ್ಲಿ ಸಿಗಲಿಲ್ಲ. ನನ್ನ ಗಂಡ ಹುಕ್ಕೇರಿಯಲ್ಲಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಫೋನಿನಲ್ಲಿ ಹೇಳಿದೆ. ಅವರು ಹುಕ್ಕೇರಿಯ ಬಳೆ ಅಂಗಡಿ, ದರ್ಜಿ ಅಂಗಡಿ ಎಲ್ಲ ತಿರುಗಿ, ಕಣಗಲಾದ ತನಕ ಹೋಗಿ ಕೇಳಿ, “ಆನ್‌ಲೈನ್ ತರಸೂಣ, ಒಂದ ವಾರದಾಗ ಬರತೈತಿ,” ಎಂದರು.

“ವಾರ?” ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಅವರು ಆ ಕಡೆಯಿಂದ, “ಆತು, ಆತು, ಹುಡುಕತೇನಿ,” ಎಂದು ಫೋನಿಟ್ಟರು.

ಹುಡುಕಿ ತಂದವನು ನಮ್ಮಣ್ಣ. ಕುಲಗೋಡದಲ್ಲಿ ಹೊಲ ಮಾಡಿಕೊಂಡಿರುವವನು, ಸೂಜಿಗೆ ದಾರ ಪೋಣಿಸಿ ಗೊತ್ತಿಲ್ಲದವನು. ಮೂಡಲಗಿ ಸಂತೆಯಿಂದ ನೇರ ಬಂದವನು ಚೀಲದಿಂದ ಉಂಡೆ ಉಂಡೆ ಅರಿಷಿಣ ಉಲನ್ನು ತೆಗೆದ. ಬಣ್ಣ ಒಂದಿಷ್ಟು ಕಣ್ಣು ಕುಕ್ಕುವಂತಿತ್ತು.

“ಎಲ್ಲಿ ಸಿಕ್ಕಿತಣ್ಣಾ?”

“ಹಗ್ಗದ ಅಂಗಡ್ಯಾಗ.”

“ಹಗ್ಗದ ಅಂಗಡ್ಯಾಗ ಉಲನ್ನ?”

“ಕಾರಹುಣ್ಣಿವಿ ಬಂತಲ್ಲ ತಂಗೀ. ಎತ್ತಿನ ಕೋಡಿಗೆ ಗೊಂಡೇ ಮಾಡಾಕಂತ ತಂದಿಟ್ಟಾರ.”

ಅವ್ವ ಮಲಗಿದಲ್ಲಿಂದಲೇ, “ಆತ ಬಿಡಪಾ. ಕೋಡಿಗೆ ಬಣ್ಣಾನೂ ಹಚ್ಚಿ ನನ್ನನ್ನ ಕರೀಗೆ ಬಿಡ್ರಿ,” ಎಂದಳು. ಅಣ್ಣ ನಕ್ಕ. ನಗುತ್ತಲೇ ಎದ್ದು ಹೊರಗೆ ಹೋಗಿ ಟವೆಲಿನಿಂದ ಮುಖ ಒರೆಸಿಕೊಂಡ. ಕಾರಹುಣ್ಣಿಮೆಯ ದಿನ ಕರಿ ಹರಿಯಲು ಓಡಿಸುವ ಮೊದಲು ಎತ್ತಿಗೆ ನೀರು ಹಾಕಿ ಗೊಂಡೆ ಕಟ್ಟುವುದು ನಮ್ಮ ಮನೆಯಲ್ಲಿ ಯಾವಾಗಲೂ ಅವ್ವನ ಕೆಲಸವಾಗಿತ್ತು. ಹೋಗುವಾಗ ಅಣ್ಣ ಬಾಗಿಲಲ್ಲಿ ನಿಂತು ಮೆಲ್ಲಗೆ, “ಏನಾರ ತಿಂದ್ಲೇನ?” ಎಂದು ಕೇಳಿದ.

“ಇದೊಂದ ಮುಗೀಲಿ ಅಣ್ಣಾ. ಮೈ ಬೆಚ್ಚಗಾದ್ರ ತಿಂತಾಳ.”

ಅವನು ನನ್ನ ಮುಖವನ್ನೇ ನೋಡಿದ. ಕಲಿತವಳು ಹೇಳಿದ್ದಾಳೆಂದು ತಲೆಯಾಡಿಸಿ ಬಸ್ಸಿಗೆ ಹೋದ.

ಸಾಲೆ ಶುರುವಾಗುವ ಹಿಂದಿನ ದಿನ ಮುಗಿಯಿತು. ಕೊನೆಯ ಗಂಟು ಹಾಕಿ ಅವ್ವನ ಮೇಲೆ ಹಾಸಿದೆ. ಹೆಗಲಿನಿಂದ ಪಾದ, ಪಾದ ದಾಟಿ ಒಂದು ಗೇಣು. ಎಲ್ಲಿಯೂ ಮೊರವಿಲ್ಲ. ಬದನೆ, ಹಸಿರು, ಅರಿಷಿಣ, ಕೆಂಪು, ನೀಲಿ, ಏರಿ ಇಳಿದು ಏರಿ ಇಳಿದು. ಮೇಲೆ ಅಪ್ಪನ ಹಳೆಯ ಧೋತರ ಹೊಚ್ಚಿದೆ. ಸ್ವಲ್ಪ ಹೊತ್ತಿನಲ್ಲಿ ಅವಳ ನಡುಕ ನಿಂತಿತು. ಕೈ ಒಳಗೆ ಹಾಕಿ ಪಾದ ಮುಟ್ಟಿದೆ. ಬೆಚ್ಚಗಿತ್ತು. ನನ್ನ ಲೆಕ್ಕ ಸರಿಯಿತ್ತು! ನಾನು ಮಂಚದ ಕಾಲಿಗೆ ಆತುಕೊಂಡು ಕೂತುಬಿಟ್ಟೆ.

ಲೆಕ್ಕದ ಮುಂದಿನ ಹೆಜ್ಜೆ ಉಳಿದಿತ್ತು. ಅಡಿಗೆಮನೆಗೆ ಹೋಗಿ ಹೂರಣ ರುಬ್ಬಿ ಒಂದೇ ಒಂದು ಹೋಳಿಗೆ ಮಾಡಿದೆ. ತುಪ್ಪ ಹಚ್ಚಿ, ನಾಣ್ಯದಷ್ಟು ಸಣ್ಣ ತುಣುಕು ಮುರಿದು ತಾಟಿನಲ್ಲಿ ತಂದೆ.

“ಇದರ ಹೊಟ್ಟಿ ತುಂಬಸಬೇಕಲ್ಲವಾ.”

“ಹೊಟ್ಟಿ ಇಲ್ಲ ಅಂದಿ?”

“ಐತಿ. ಒಳಗ ಮಲಗಿದಾಕಿ ನೀನಲಾ? ಇದರ ಹೊಟ್ಟಿ ನೀನ. ನೀ ತಿಂದ್ರ ಅದಕ ಮುಟ್ಟತೈತಿ.”

ಅವ್ವ ನಕ್ಕಳು. “ಮಾತಿನಾಗ ನೀ ಸಿಗೂದಿಲ್ಲ. ಅದಕ ಕಲಿಸಿದ್ದು ನಿನ್ನ.” ತುಣುಕನ್ನು ಕೈಗೆ ತೆಗೆದುಕೊಂಡಳು. “ನೀ ಹಿಂಗ ನೋಡಕೋತ ಕುಂತ್ರ ಗಂಟಲದಾಗ ಇಳಿಯೂದಿಲ್ಲ. ಹೋಗ, ಚಾ ಮಾಡ್ಕೊಂಡ ಕುಡಿ. ಸಾವಕಾಶ ಕುಡಿ.”

ಸಾವಕಾಶ ಕುಡಿದೆ. ಬಂದು ನೋಡಿದರೆ ತಾಟು ಖಾಲಿ. ಅವ್ವ ಕಣ್ಣು ಮುಚ್ಚಿದ್ದಳು, ಬೆರಳಿನಲ್ಲಿ ತುಪ್ಪ ಹೊಳೆಯುತ್ತಿತ್ತು.

ನಾನು ಓಡಿದೆ, ಬರಿಗಾಲಿನಲ್ಲಿ. ಆಗಷ್ಟೇ ಕೊಣ್ಣೂರಿನಿಂದ ಬಂದಿದ್ದ ಆಪಾಗೆ ಹೇಳಿದೆ. ಅವರು ಎರಡೂ ಕೈ ಎತ್ತಿ ದುವಾ ಮಾಡಿದರು. ಗಂಡನಿಗೆ ಫೋನು ಹಚ್ಚಿದೆ, ಅಣ್ಣನಿಗೆ ಹಚ್ಚಿದೆ. “ಅವ್ವ ಹೋಳಿಗಿ ತಿಂದ್ಲು!” ಅಣ್ಣ, “ಖರೇನ? ಖರೇನ ತಂಗೀ?” ಎಂದು ಮತ್ತೆ ಮತ್ತೆ ಕೇಳಿದ. “ಖರೇನ, ನಾಳೆ ಗೋದಿ ಹುಗ್ಗಿ ಮಾಡತೇನಿ,” ಎಂದೆ.

ಮರುದಿನ ಮುಂಜಾನೆ ಸಾಲೆಗೆ ಹೋಗಲು ಸೀರೆ ಉಟ್ಟು ಅವ್ವನ ಹತ್ತಿರ ಬಂದೆ. ಮಂಚದ ಕಾಲಿನಿಂದ ಕೆಂಪಿರುವೆಯ ಸಾಲು ಏರುತ್ತಿತ್ತು. ಧೋತರ ಸರಿಸಿದೆ. ಸಾಲು ನೀಲಿ ಅಲೆ ಹತ್ತಿ, ಕೆಂಪು ಅಲೆ ಇಳಿದು, ಅವ್ವನ ಬಲಗೈಯ ಹತ್ತಿರದ ಅಂಚಿಗೆ ಹೋಗುತ್ತಿತ್ತು. ಅಲ್ಲಿ ಎತ್ತಿನ ಗೊಂಡೆಯ ಅರಿಷಿಣ ಉಲನ್ನಿನ ಒಂದು ಅಲೆಯನ್ನು ಮಡಚಿ ಬಿಳಿ ದಾರದಿಂದ ಹೊಲಿದಿತ್ತು. ದಿಂಬಿನ ಸೂಜಿ ಅದರ ಪಕ್ಕದಲ್ಲೇ ಚುಚ್ಚಿಕೊಂಡಿತ್ತು. ಹೊಲಿಗೆ ಸೊಟ್ಟ, ಉದ್ದ, ಸಡಿಲ. ಅವ್ವನ ಕೈಯಿಂದ ಅಂಥ ಹೊಲಿಗೆ ನಾನು ನೋಡಿರಲಿಲ್ಲ. ಇರುವೆಗಳು ಸಲೀಸಾಗಿ ಒಳಗೆ ಹೋಗಿ, ಹೂರಣದ ಕಣ ಹೊತ್ತು ಹೊರಗೆ ಬರುತ್ತಿದ್ದವು.

“ತಿಂದಿ ಅಂದಕೊಂಡಿದ್ನಲ್ಲವಾ.”

ಅವ್ವ ಕಣ್ಣು ತೆರೆದಳು. “ತಿಂದೇನಿ ಅಂತ ನಾ ಎಲ್ಲಿ ಅಂದೆ? ತಾಟ ನೋಡಿ ನೀನ ಅಂದಕೊಂಡಿ.”

“ಯಾಕವಾ ಹಿಂಗ ಮಾಡಿದಿ? ಒಂದ ತುತ್ತರ ತಿನ್ನಬೇಕಿತ್ತಲ್ಲ. ಬೆಚ್ಚಗ ಆಗೇತಲ್ಲ ಈಗ?”

“ಭಾಳ ಬೆಚ್ಚಗ ಐತಿ. ನಿದ್ದೀ ಹತ್ತಿತ್ತ ನನಗ.” ಸ್ವಲ್ಪ ದಣಿವಾರಿಸಿಕೊಂಡಳು. “ನನಗ ಹಸಿವಿಲ್ಲ ಯವ್ವಾ. ಅದಕ ಇತ್ತು.”

ನಾನು ಅಲ್ಲೇ ನಿಂತಿದ್ದೆ. ನನ್ನ ಲೆಕ್ಕ ಎಲ್ಲಿ ತಪ್ಪಿತ್ತೋ ಅಲ್ಲಿಗೆ ಬಂದು ನಿಂತಿದ್ದೆ. ಬೆಚ್ಚಗಾಗಿದ್ದಳು, ತಿನ್ನಲಿಲ್ಲ. ಇನ್ನು ತಿನ್ನುವುದಿಲ್ಲ. ಹೊದಿಕೆ ತೆಗೆದು ಝಾಡಿಸೋಣವೆಂದು ಅಂಚು ಎತ್ತಿದೆ. ಎತ್ತಿದ್ದೇ ತಡ ಅವಳ ಹೆಗಲು ನಡುಗಿತು. ಬಿಟ್ಟುಬಿಟ್ಟೆ. ಮಂಚದ ಬದಿಗೆ ಕೂತು, ಹೊದಿಕೆ ಅವಳ ಮೇಲಿದ್ದ ಹಾಗೇ, ಇರುವೆಗಳನ್ನು ಒಂದೊಂದಾಗಿ ಆರಿಸತೊಡಗಿದೆ. ಸಾಲೆಯ ಮೊದಲ ಗಂಟೆ ಹೊಡೆಯುವ ಹೊತ್ತು ಮೀರಿ ಹೋಯಿತು.

ಆರಿಸಿ ಮುಗಿದಮೇಲೆ ಅವ್ವ ಸೂಜಿಯನ್ನು ಕಿತ್ತು ನನ್ನ ಕಡೆ ಹಿಡಿದಳು.

“ನನ್ನ ಹೊಲಿಗಿ ಸಡಲ ಆಗೇತಿ. ನೀ ಒಂದೀಟ ಬಿಗಿ ಹಾಕ. ಇಲ್ಲಾಂದ್ರ ಮತ್ತ ಬರತಾವ.”

ಮಡಿಕೆಯೊಳಗೆ ಹೋಳಿಗೆಯ ತುಣುಕು ಇನ್ನೂ ಅರ್ಧ ಉಳಿದಿತ್ತು. ಅದನ್ನು ತೆಗೆದು ಅವಳ ಬಾಯಿಗೆ ಹಿಡಿಯಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಹಿಡಿಯಲಿಲ್ಲ. ಅಲೆಯ ಮಡಿಕೆಯನ್ನು ಕೂಡಿಸಿ, ಚಿಕ್ಕಂದಿನಲ್ಲಿ ಅವಳು ಕಲಿಸಿದ ಹಾಗೆ, ಒತ್ತೊತ್ತಾಗಿ ಹೊಲಿದೆ. ಪ್ರತಿ ಹೊಲಿಗೆಗೂ ದಾರ ಜಗ್ಗಿ ಎಳೆದೆ. ಅವ್ವ ನೋಡುತ್ತಿದ್ದಳು. ಕೊನೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದೆ.

“ಹಾಂ,” ಎಂದಳು. “ಈಗ ಹೊಚ್ಚ.”